ಹತ್ತಕ್ಕೆ ಹತ್ತು ಹೊಂದಿಕೆ

ಜನವರಿ 7, ಮಂಗಳವಾರ

ಅಕ್ಕನಿಗೂ ನನಗೂ ಹತ್ತಕ್ಕೆ ಹತ್ತು ಹೊಂದಿಕೆಯಂತೆ. ನಾನು ಹೇಳ್ತಿರೋದಲ್ಲ, ಆಸ್ಪತ್ರೆಯವರು ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿ, ಮೊಹರು ಒತ್ತಿ ಬರೆದುಕೊಟ್ಟಿದ್ದಾರೆ. ಇಪ್ಪತ್ತಾರು ವರ್ಷ ಜೀವಶಾಸ್ತ್ರ ಪಾಠ ಮಾಡಿದ್ದೀನಿ, ಒಂದು ಮಗುವಿಗೂ ಹತ್ತಕ್ಕೆ ಹತ್ತು ಕೊಟ್ಟವಳಲ್ಲ. ಹನ್ನೊಂದು ವರ್ಷದಿಂದ ಮುಖ ಕೊಟ್ಟು ಮಾತಾಡದ ಇಬ್ಬರಿಗೆ ಇವರು ಕೊಟ್ಟೇಬಿಟ್ಟರು!

ಹೋದ ತಿಂಗಳು ಭಾವ ಸ್ಟಾಫ್ ರೂಮಿಗೇ ಬಂದಿದ್ದರು, ಕೈಯಲ್ಲೊಂದು ದಪ್ಪ ಫೈಲು. ಅಕ್ಕನಿಗೆ ರಕ್ತದ ಕ್ಯಾನ್ಸರ್. ಔಷಧಿಗೆ ಒಮ್ಮೆ ತಲೆ ತಗ್ಗಿಸಿದ್ದು ಮತ್ತೆ ಹೆಡೆ ಎತ್ತಿದೆ. ಅವಳ ಮೂಳೆಯೊಳಗಿನ ಮಜ್ಜೆಯನ್ನ ಪೂರ್ತಿ ಸುಟ್ಟು, ಹೊಂದುವ ಬೇರೆಯವರ ಕಣಗಳನ್ನ ಹಾಕಬೇಕು. ಇಲ್ಲದಿದ್ದರೆ ಆರು ತಿಂಗಳು.

"ಅವಳು ಕಳಿಸಿದ್ಲಾ?" ಅಂದೆ.

"ಇಲ್ಲಮ್ಮ. ಅವಳನ್ನ ಮಾತ್ರ ಕೇಳಬೇಡಿ ಅಂದ್ಲು. ಅದಕ್ಕೇ ಬಂದೆ."

ಅಮ್ಮ ಹೋದ ದಿನ ನಾನು ಪರೀಕ್ಷೆ ಹಾಲಿನಲ್ಲಿ ಮೇಲ್ವಿಚಾರಣೆಗೆ ನಿಂತಿದ್ದೆ. ಅಮ್ಮನಿಗೆ ತುಂಬಾ ಜೋರಾಗಿದೆ ಅಂತ ಫೋನು ಬಂದಾಗ ಇನ್ನೂ ಒಂದೂವರೆ ಗಂಟೆ ಬಾಕಿಯಿತ್ತು. ಮುಗಿಸಿಕೊಂಡು ಹೋದೆ. ನೆಂಟರೆಲ್ಲ ಕೂತಿದ್ದರು. ಅಕ್ಕ ಅಷ್ಟೂ ಜನರ ಮುಂದೆ, "ಇವಳಿಗೆ ಪರೀಕ್ಷೆ ಮುಗೀಬೇಕಿತ್ತು, ಅಮ್ಮ ಕಾಯ್ಲಿಲ್ಲ" ಅಂದಳು. ಅವತ್ತಿಗೆ ಮಾತು ನಿಂತಿತು. ಅವಳು ಸುಳ್ಳು ಹೇಳಿದ್ದಿದ್ದರೆ ಯಾವತ್ತೋ ಕ್ಷಮಿಸಿಬಿಡ್ತಿದ್ದೆ.

ಕಣ ಕೊಡ್ತೀನಿ. ಅದು ರಕ್ತದ ವಿಷಯ. ಮಾತಿನ ವಿಷಯ ಬೇರೆ.

ಜನವರಿ 13, ಸೋಮವಾರ

ರಕ್ತದ ಡಾಕ್ಟರಮ್ಮ ಚಿಕ್ಕ ಹುಡುಗಿ, ನನ್ನ ಹಳೇ ವಿದ್ಯಾರ್ಥಿನಿಯರಷ್ಟು ವಯಸ್ಸು. ನಾನು ಜೀವಶಾಸ್ತ್ರದ ಟೀಚರ್ ಅಂತ ಮೊದಲೇ ಹೇಳಿದೆ, ಸುಮ್ಮನೆ ವಿವರಿಸಿ ಆಯಾಸ ಮಾಡ್ಕೋಬಾರದು ಅಂತ. "ದೇಹ ಅಂದ್ರೆ ಕೋಟೆ, ಚರ್ಮ ಅದರ ಗೋಡೆ, ಬಿಳಿ ರಕ್ತಕಣಗಳು ಸೈನಿಕರು, ಗೊತ್ತಿದೆ" ಅಂದೆ.

ಅವಳು ನಕ್ಕಳು. "ಸೈನಿಕರು ಸರಿ ಮೇಡಂ, ಆದ್ರೆ ಹೊಡೆಯೋದು ಆಮೇಲಿನ ಮಾತು. ಇಡೀ ದಿನ ಅವು ಮಾಡೋ ಕೆಲಸ ಮುಟ್ಟಿ ನೋಡೋದು. ಪ್ರತಿ ಕಣದ ಮೈಮೇಲೂ ಒಂದಷ್ಟು ಗುರುತು ಇರುತ್ತೆ. ಇವ ನಮ್ಮವನಾ, ಹೊರಗಿನವನಾ ಅಂತ ತಡವಿ ನೋಡ್ತಾನೇ ಇರ್ತವೆ. ನಿಮ್ಮ ಹತ್ತಕ್ಕೆ ಹತ್ತು ಅಂದ್ರೆ ಆ ಗುರುತುಗಳ ಲೆಕ್ಕ."

ನನ್ನ ನೋಟ್ಸಿನಲ್ಲಿ ಇದು ಇಲ್ಲ. ನನ್ನ ನೋಟ್ಸಿನಲ್ಲಿ ಕೋಟೆ, ಕಂದಕ, ಸೈನಿಕರು ಇದ್ದಾರೆ, ಇಪ್ಪತ್ತಾರು ವರ್ಷದಿಂದ ಒಬ್ಬರೂ ಸತ್ತಿಲ್ಲ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಪುಡಿ ಮಾವ ಬಂದ. ಅಮ್ಮನ ತಮ್ಮ. ಎಪ್ಪತ್ತು ದಾಟಿದ ಮೇಲೆ ಅದ್ಯಾರೋ ತಲೆಗೆ ತುಂಬಿ, ರೋಗನಿರೋಧಕ ಶಕ್ತಿಯ ಪುಡಿ ಅಂತ ಡಬ್ಬಿ ಮಾರ್ತಾನೆ. ನೆಗಡಿಗೆ ಒಂದು ಚಮಚ, ಮಂಡಿನೋವಿಗೆ ಎರಡು, ಮದುವೆಯಾಗದವರಿಗೆ ಮೂರು. ಡಬ್ಬಿಯನ್ನ ಡಾಕ್ಟರಮ್ಮನ ಮೇಜಿನ ಮೇಲಿಟ್ಟ. "ನೋಡಮ್ಮ, ಒಂದೇ ತಿಂಗಳಲ್ಲಿ ಶಕ್ತಿ ದುಪ್ಪಟ್ಟು!"

"ತಾತ, ನಾವೀಗ ಅವರ ಶಕ್ತೀನ ಇಳಿಸ್ತಾ ಇದ್ದೀವಿ. ಸೊನ್ನೆಗೆ. ಇಲ್ಲದಿದ್ರೆ ತಂಗಿಯ ಕಣಗಳನ್ನ ಒಳಗೆ ಬಿಟ್ಕೊಳ್ಳಲ್ಲ."

ಮಾವ ಡಬ್ಬಿಯನ್ನ ವಾಪಸ್ ಎತ್ತಿಕೊಂಡು, "ಇಳಿಸೋ ಪುಡಿ ನನ್ನತ್ರ ಇಲ್ಲವಲ್ಲಮ್ಮ" ಅಂದ. ನಿಜವಾಗಿ ನೊಂದುಕೊಂಡಿದ್ದ.

ಜನವರಿ 31, ಶುಕ್ರವಾರ

ನಾಲ್ಕು ದಿನ ಹೊಟ್ಟೆಗೆ ಸೂಜಿ. ಮೂಳೆಯೊಳಗೆ ಮಲಗಿರೋ ಕಣಗಳನ್ನ ಎಬ್ಬಿಸಿ ರಕ್ತಕ್ಕೆ ತಳ್ಳೋಕಂತೆ. ಸೊಂಟ, ಬೆನ್ನು, ತೊಡೆ ಎಲ್ಲ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ. ಇವತ್ತು ಐದು ಗಂಟೆ ಯಂತ್ರದ ಪಕ್ಕ ಮಲಗಿದ್ದೆ. ಒಂದು ಕೈಯಿಂದ ರಕ್ತ ಹೋಗಿ, ಬೇಕಾದ್ದನ್ನ ಯಂತ್ರ ಹೆಕ್ಕಿಕೊಂಡು, ಉಳಿದಿದ್ದು ಇನ್ನೊಂದು ಕೈಗೆ ವಾಪಸ್. ಮೂಗು ತುರಿಸಿದರೆ ನರ್ಸನ್ನ ಕರೀಬೇಕು. ಐದು ಗಂಟೆಯಲ್ಲಿ ಹದಿನಾಲ್ಕು ಸಲ ಕರೆದೆ. ಕೊನೆಗೆ ಅವಳೇ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತಳು.

ಅಕ್ಕ ಥ್ಯಾಂಕ್ಸ್ ಹೇಳಿ ಕಳಿಸ್ತಾಳೇನೋ ಅಂತ ನೋಡಿದೆ. "ಜಾಸ್ತಿ ನೋವಾಯ್ತಾ ಕೇಳಿ" ಅಂತ ಭಾವನ ಕೈಲಿ ಕೇಳಿಸಿದಳು. "ಏನೂ ಆಗ್ಲಿಲ್ಲ ಅನ್ನಿ" ಅಂದೆ. ನಮ್ಮಿಬ್ಬರ ಮಧ್ಯೆ ಓಡಾಡಿ ಭಾವನ ಚಪ್ಪಲಿ ಸವೆದಿದೆ.

ಫೆಬ್ರವರಿ 1, ಶನಿವಾರ

ದೊಡ್ಡ ಆಪರೇಷನ್ ಇರುತ್ತೆ ಅಂದುಕೊಂಡಿದ್ದೆ. ಒಂದು ಚೀಲ, ಇಟ್ಟಿಗೆ ಬಣ್ಣದ್ದು, ಅಂಗೈಗಿಂತ ಸ್ವಲ್ಪ ದೊಡ್ಡದು. ಕಂಬಕ್ಕೆ ನೇತು ಹಾಕಿ ನಲವತ್ತು ನಿಮಿಷದಲ್ಲಿ ಇಳಿಸಿಬಿಟ್ಟರು. ಇಷ್ಟೇನಾ?

ಗಾಜಿನ ಈಚೆಯಿಂದ ನೋಡಿದೆ. ಅಕ್ಕನಿಗೆ ತಲೆಗೂದಲಿಲ್ಲ, ಹುಬ್ಬೂ ಇಲ್ಲ. ಥೇಟ್ ಅಮ್ಮನ ಮುಖ. ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಫೆಬ್ರವರಿ 17, ಸೋಮವಾರ

ಎರಡು ವಾರ ಬಿಳಿ ಕಣಗಳ ಲೆಕ್ಕ ಸೊನ್ನೆ, ಸೊನ್ನೆ, ಮತ್ತೆ ಸೊನ್ನೆ. ಮೊನ್ನೆ ಇನ್ನೂರು. ಇವತ್ತು ಆರುನೂರು. ನಾನು ಶಾಲೆಯಿಂದ ದಿನಕ್ಕೆ ಮೂರು ಸಲ ಫೋನು ಮಾಡ್ತೀನಿ. ಅಕ್ಕನ ಮೇಲಿನ ಕಾಳಜಿಯಿಂದಲ್ಲ. ಅವು ನನ್ನ ಕಣಗಳು, ಅವುಗಳ ಯೋಗಕ್ಷೇಮ ನನಗೆ ಬೇಕು.

ಮಾರ್ಚ್ 6, ಗುರುವಾರ

ಅಕ್ಕ ನನ್ನ ಮನೆಗೆ ಬಂದಿದ್ದಾಳೆ. ಅವಳ ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಬಟ್ಟೆಯ ಧೂಳು, ಅಳತೆ ಕೊಡೋಕೆ ಬರೋ ಹೆಂಗಸರು, ಅವರ ಕಂಕುಳಲ್ಲಿ ಮೂಗು ಸುರಿಸೋ ಮಕ್ಕಳು. ಅಲ್ಲಿಗೆ ಕಳಿಸೋ ಮಾತೇ ಇಲ್ಲ ಅಂದಳು ಡಾಕ್ಟರಮ್ಮ. "ಆಕೆಯ ಕಣಗಳು ಈಗ ಎಳೆಗೂಸು ಇದ್ದ ಹಾಗೆ. ಒಂದು ಸಾಮಾನ್ಯ ನೆಗಡಿ ಸಾಕು, ಪ್ರಾಣಕ್ಕೆ ಬರುತ್ತೆ." ಎಲ್ಲರೂ ನನ್ನ ಮುಖ ನೋಡಿದರು. ಒಂಟಿ ಹೆಂಗಸು, ಎರಡು ಕೋಣೆ, ಧೂಳು ಕಂಡರಾಗದು. ಮಣೆ ಹಾಕಿ ಕೂರಿಸಿದ ಹಾಗೆ ನನ್ನನ್ನೇ ಆರಿಸಿದರು. ರಜೆ ಹಾಕಿದೆ.

ಬಾಗಿಲಿಗೆ ಬೋರ್ಡು ಹಾಕಿದ್ದೀನಿ: ಚಪ್ಪಲಿ ಗೇಟಿನ ಹೊರಗೆ. ಕೈಗೆ ಸೋಪು, ಎರಡು ಸಲ. ಮಾಸ್ಕ್ ಇಲ್ಲದವರಿಗೆ ಪ್ರವೇಶವಿಲ್ಲ. ಮಾಸ್ಕ್ ಇರುವವರಿಗೂ ಪ್ರವೇಶವಿಲ್ಲ.

ಭಾವ ದಿನಾ ಸಂಜೆ ಕಿಟಕಿಯ ಹೊರಗೆ ಸ್ಟೂಲು ಹಾಕ್ಕೊಂಡು ಕೂತು ಹೆಂಡತಿ ಜೊತೆ ಮಾತಾಡ್ತಾರೆ. ಇವತ್ತು ಒಮ್ಮೆ ಕೆಮ್ಮಿದರು. ಸ್ಟೂಲನ್ನ ಕಾಂಪೌಂಡ್ ಗೋಡೆಯ ತನಕ ಹಿಂದೆ ಸರಿಸಿದೆ. ಈಗ ಇಬ್ಬರೂ ಕೂಗಿ ಮಾತಾಡ್ತಾರೆ, ಬೀದಿಗೆಲ್ಲ ಅವರ ಸಂಸಾರ ಗೊತ್ತಾಗ್ತಿದೆ.

ನಾನೂ ಅಕ್ಕನೂ ಇನ್ನೂ ಮಾತಾಡಿಲ್ಲ. ಮಾತ್ರೆ ಕೊಡ್ತೀನಿ, ತಗೋತಾಳೆ. ಗಂಜಿ ಕೊಡ್ತೀನಿ, ಉಪ್ಪು ಕಮ್ಮಿ ಅನ್ನೋ ಮುಖ ಮಾಡ್ತಾಳೆ.

ಮಾರ್ಚ್ 13, ಗುರುವಾರ

ಅಕ್ಕನ ಅಂಗೈ, ಕುತ್ತಿಗೆ, ಕಿವಿಯ ಹಿಂದೆಯೆಲ್ಲ ಕೆಂಪು ದದ್ದು. ಹೆದರಿ ಓಡಿದೆವು. ಡಾಕ್ಟರಮ್ಮ ನೋಡಿ, "ಇದು ನಿಮ್ಮ ಕಣಗಳ ಕೆಲಸ" ಅಂದಳು, ನನ್ನ ಕಡೆ ಬೆರಳು ತೋರಿಸಿ! ಹೊಸ ಮನೆಗೆ ಹೋದ ನನ್ನ ಕಣಗಳು ಅಕ್ಕನ ಚರ್ಮವನ್ನ ತಡವಿ ನೋಡಿ, ಇದು ಯಾರದ್ದು, ನಮ್ಮದಲ್ಲವಲ್ಲ ಅಂತ ಕಚ್ಚೋಕೆ ಶುರು ಮಾಡಿವೆ. ಹತ್ತಕ್ಕೆ ಹತ್ತು ಅನ್ನೋದು ಮುಖ್ಯ ಗುರುತುಗಳು ಮಾತ್ರವಂತೆ. ಚಿಕ್ಕಪುಟ್ಟವು ನೂರಾರಿವೆ.

"ಸ್ವಲ್ಪ ಜಗಳ ಒಳ್ಳೇದೇ. ಅದೇ ಸಿಟ್ಟಲ್ಲಿ ಉಳಿದಿರೋ ಕ್ಯಾನ್ಸರ್ ಕಣಗಳನ್ನೂ ಹುಡುಕಿ ಮುಗಿಸ್ತವೆ. ಜಾಸ್ತಿಯಾದ್ರೆ ನಾನು ಸುಮ್ಮನಿರಿಸ್ತೀನಿ" ಅಂತ ಮುಲಾಮು, ಮಾತ್ರೆ ಬರೆದಳು.

ಕಾರಿನಲ್ಲಿ ಅಕ್ಕ ಬಾಯಿ ಬಿಟ್ಟಳು. ಹನ್ನೊಂದು ವರ್ಷದ ಮೇಲೆ ನನಗೆ ನೇರವಾಗಿ ಆಡಿದ ಮೊದಲ ಮಾತು: "ಒಳಗೆ ಬಂದೂ ಜಗಳ ತೆಗೆದ್ಯಾ ನೀನು?"

"ಯೋಗ್ಯತೆ ನೋಡಿ ತೆಗೆದಿರ್ತವೆ" ಅಂದೆ.

ಮನೆ ಬರೋ ತನಕ ಇಬ್ಬರೂ ಕಿಟಕಿಯಾಚೆ ನೋಡ್ತಿದ್ದೆವು. ಅವಳ ಭುಜ ಅಲುಗಾಡ್ತಿತ್ತು. ಅಳ್ತಿದ್ದಾಳೆ ಅಂದುಕೊಂಡೆ, ನಗ್ತಿದ್ದಳು.

ಮಾರ್ಚ್ 18, ಮಂಗಳವಾರ

ಹೆಡ್‌ಮಾಸ್ಟರ್ ಫೋನು. ನನ್ನ ತರಗತಿಯ ಉತ್ತರಪತ್ರಿಕೆಗಳನ್ನ ಡ್ರಿಲ್ ಮೇಷ್ಟ್ರ ಕೈಲಿ ತಿದ್ದಿಸ್ತಾರಂತೆ! ಆ ಮನುಷ್ಯನಿಗೆ ಶ್ವಾಸಕೋಶ ಎಲ್ಲಿದೆ ಅಂತ ಗೊತ್ತಿರೋದು ಸೀಟಿ ಊದೋದ್ರಿಂದ. ನಾನೇ ಹೋಗಿ ಕಟ್ಟು ಎತ್ತಿಕೊಂಡು ಬಂದೆ. ಹೋಗಿ ಬರೋದು ಒಂದು ಗಂಟೆ. ಸ್ಟಾಫ್ ರೂಮಿನಲ್ಲಿ ಅರ್ಧ ಜನ ಗೊರಗೊರ ಅಂತಿದ್ದರು, ಮಕ್ಕಳಲ್ಲಿ ಹನ್ನೆರಡು ಜನ ಜ್ವರ ಅಂತ ಬಂದಿಲ್ಲ. ಮನೆಗೆ ಬಂದು ಸೋಪು ಹಾಕಿ ಕೈ ತೊಳೆದೆ, ಸೀರೆ ಬದಲಿಸಿದೆ, ಗೇಟಿನ ಚಿಲಕವನ್ನೂ ಒರೆಸಿದೆ. ನನ್ನನ್ನ ನೋಡಿ ಕಲೀಬೇಕು ಜನ.

ಮಾರ್ಚ್ 19, ಬುಧವಾರ

ಎಷ್ಟು ಚೆನ್ನಾಗಿತ್ತು ಈ ಸಂಜೆ. ನಾನು ಮೇಜಿನ ಮುಂದೆ ತಿದ್ದುತ್ತಾ ಕೂತಿದ್ದೆ, ಅಕ್ಕ ತಾನಾಗಿಯೇ ಎದ್ದು ಬಂದು ಎದುರು ಕುರ್ಚಿಯಲ್ಲಿ ಕೂತಳು. ಮಾಸ್ಕ್ ಹಾಕ್ಕೊಂಡು ಬೆರಳಿಗೆ ಎಂಜಲು ಹಚ್ಚೋಕಾಗಲ್ಲ, ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಅದಕ್ಕೆ ನನ್ನದನ್ನ ಕೆಳಗೆ ಎಳೆದುಕೊಂಡಿದ್ದೆ.

ದೇಹವು ಸೋಂಕಿನಿಂದ ಹೇಗೆ ರಕ್ಷಿಸಿಕೊಳ್ಳುತ್ತದೆ, ಐದು ಅಂಕ. ಓದಿ ಹೇಳಿದೆ. ಒಬ್ಬ ಬರೆದಿದ್ದಾನೆ: "ರೋಗಾಣು ಬಂದಾಗ ದೇಹವು ಬಿಸಿಯಾಗುತ್ತದೆ, ಸಿಟ್ಟು ಬಂದಿರುತ್ತದೆ." ಇನ್ನೊಬ್ಬಳು: "ಕೀವು ಎಂದರೆ ನಮಗಾಗಿ ಸತ್ತವರು." ಅಕ್ಕ ಹೊಟ್ಟೆ ಹಿಡ್ಕೊಂಡು ನಕ್ಕಳು, ಕೊಡು ಕೊಡು ಅಂತ ಹಾಳೆ ಕಿತ್ಕೊಂಡು ತಾನೇ ಓದಿದಳು. ಮೂರನೆಯವನದ್ದು: "ಬಿಳಿ ರಕ್ತಕಣಗಳು ಎಲ್ಲರನ್ನೂ ನೀನು ಯಾರ ಪೈಕಿ ಎಂದು ಕೇಳುತ್ತವೆ." ನೋಟ್ಸಿನಲ್ಲಿ ಇಲ್ಲ ಅಂತ ಸೊನ್ನೆ ಹಾಕಿದ್ದೆ.

"ಅದು ಸರಿಯಾಗೇ ಇದೆಯಲ್ಲೇ, ಡಾಕ್ಟರಮ್ಮ ಹೇಳಿದ್ದು ಅದೇ ತಾನೇ? ಅಂಕ ಕೊಡು ಆ ಮಗುಗೆ."

ಎರಡು ಕೊಟ್ಟೆ. "ಜಿಪುಣಿ" ಅಂದಳು. ನಾಲ್ಕು ಮಾಡಿದೆ.

ಮಾರ್ಚ್ 20, ಗುರುವಾರ

ನಾನು ಸ್ನಾನಕ್ಕೆ ಹೋಗಿದ್ದ ಹತ್ತು ನಿಮಿಷದಲ್ಲಿ ಪುಡಿ ಮಾವ ಹಿಂದಿನ ಬಾಗಿಲಿನಿಂದ ನುಗ್ಗಿದ್ದ! ಬಂದು ನೋಡ್ತೀನಿ, ಅಕ್ಕನ ಮಂಚದ ಪಕ್ಕ ನಿಂತು ತಲೆ ಸವರ್ತಿದ್ದಾನೆ. ನನ್ನ ಬಾಯಿಗೆ ಬಂದಿದ್ದೆಲ್ಲ ಅಂದೆ. "ನೋಡಬೇಕು ಅನ್ನಿಸ್ತು ಕಣಮ್ಮ" ಅಂತ ಚಪ್ಪಲಿಯನ್ನ ಕೈಯಲ್ಲಿ ಹಿಡ್ಕೊಂಡೇ ಹೋದ. ಕೂಗಾಡಿ ಗಂಟಲು ಕಟ್ಟಿದೆ. ಸೀಮೆಸುಣ್ಣ ಇಲ್ಲದೇನೂ ಗಂಟಲು ಕೆಡಿಸೋ ಜನ ಇದ್ದಾರೆ.

ಮಾರ್ಚ್ 22, ಶನಿವಾರ

ಅಕ್ಕನಿಗೆ ಬೆಳಿಗ್ಗೆ ನೂರಾ ಒಂದು ಜ್ವರ. ಮಧ್ಯಾಹ್ನಕ್ಕೆ ನೂರಾ ಮೂರು. ಆಸ್ಪತ್ರೆಗೆ ಸೇರಿಸಿದೆವು.

"ಮನೇಲಿ ಯಾರಿಗಾದ್ರೂ ನೆಗಡಿ, ಗಂಟಲು ನೋವು?" ಅಂತ ಡಾಕ್ಟರಮ್ಮ ಕೇಳಿದಳು.

"ಯಾರಿಗೂ ಇಲ್ಲ. ಇವರೊಬ್ಬರು ಹೇಳದೆ ಕೇಳದೆ ಒಳಗೆ ಬಂದಿದ್ದರು" ಅಂತ ಮಾವನನ್ನ ತೋರಿಸಿದೆ.

ಮಾರ್ಚ್ 23, ಭಾನುವಾರ

ಫ್ಲೂ ಅಂತ ರಿಪೋರ್ಟು. ಶ್ವಾಸಕೋಶಕ್ಕೆ ಇಳಿದಿದೆ. ಮೂಗಿಗೆ ಆಮ್ಲಜನಕ ಹಾಕಿದ್ದಾರೆ. ಇಂಥವರಲ್ಲಿ ಎಷ್ಟೋ ಜನ ಉಳಿಯೋದಿಲ್ಲ ಅಂತ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು.

ಭಾವ ಜನ್ಮದಲ್ಲಿ ದನಿ ಎತ್ತಿದವರಲ್ಲ. ಇವತ್ತು ಆಸ್ಪತ್ರೆ ಮೆಟ್ಟಿಲ ಮೇಲೆ ಮಾವನಿಗೆ, "ನಿಮ್ಮ ಪ್ರೀತಿಗಿಷ್ಟು ಬೆಂಕಿ ಹಾಕ, ಕೊಂದುಬಿಟ್ರಲ್ಲ ಅವಳನ್ನ" ಅಂದರು. ಮಾವ ತಲೆಯೆತ್ತಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. "ಎಷ್ಟು ಹೇಳಿದ್ರೂ ಕೇಳಲ್ಲ ಜನ" ಅಂತ ನಾನೂ ಸೇರಿಸಿದೆ. ಹೇಳುವಾಗ ಕೆಮ್ಮು ಬಂತು.

ಮಾರ್ಚ್ 24, ಸೋಮವಾರ

ಮೈಕೈ ನೋವು. ತಲೆಭಾರ. ಥರ್ಮಾಮೀಟರ್ ಇಟ್ಟುಕೊಂಡಿಲ್ಲ. ಇಟ್ಟುಕೊಳ್ಳೋದಿಲ್ಲ.

ಮಾವ ನಿನ್ನೆಯಿಂದ ಆಸ್ಪತ್ರೆ ಗೇಟಿನ ಹತ್ತಿರ ನಿಂತಿದ್ದಾನಂತೆ, ಏನೂ ತಿಂದಿಲ್ಲವಂತೆ.

ಮಾರ್ಚ್ 25, ಮಂಗಳವಾರ

ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ.

ಬೆಳಿಗ್ಗೆ ಇಟ್ಟುಕೊಂಡೆ. ನೂರಾ ಎರಡು. ಆಸ್ಪತ್ರೆಗೆ ಫೋನು ಮಾಡಿ ಹೇಳಿದೆ, ಕರೆಸಿ ಮೂಗಿಗೆ ಕಡ್ಡಿ ಹಾಕಿದರು. ಫ್ಲೂ. ಗುರುವಾರದಿಂದಲೇ ಗಂಟಲು ಕಟ್ಟಿತ್ತು. ಮಾವನಿಗೂ ಪರೀಕ್ಷೆ ಮಾಡಿದರು, ಆ ಮುದುಕನಿಗೆ ಏನೂ ಇಲ್ಲ, ಕಲ್ಲುಗುಂಡು. ಡಾಕ್ಟರಮ್ಮ ಕೇಳಿದಾಗ ಎಲ್ಲ ಹೇಳಿದೆ. ಸ್ಟಾಫ್ ರೂಮು, ಮಕ್ಕಳ ಹಾಳೆ, ಮಾಸ್ಕ್ ಎಳೆದಿದ್ದು, ನಾಲಿಗೆಗೆ ಬೆರಳು, ಬೆರಳಿಂದ ಹಾಳೆ, ಹಾಳೆಯಿಂದ ಅಕ್ಕನ ಕೈ, ಅಷ್ಟು ಹತ್ತಿರ ಕೂತು ನಕ್ಕಿದ್ದು. ನಲವತ್ತೆರಡು ಉತ್ತರಪತ್ರಿಕೆ, ದೇಹ ಸೋಂಕಿನಿಂದ ಹೇಗೆ ರಕ್ಷಿಸಿಕೊಳ್ಳುತ್ತೆ ಅಂತ ನಾನೇ ತೆಗೆದ ಪ್ರಶ್ನೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಗೇಟಿಗೆ ಹೋಗಿ ದೂರ ನಿಂತು ಮಾವನಿಗೆ ಕೂಗಿ ಹೇಳಿದೆ. ಭಾವನೂ ಅಲ್ಲೇ ಇದ್ದರು. "ತಂದಿದ್ದು ನಾನು. ಮಾವ ಅಲ್ಲ. ಗೊತ್ತಾದ ಮೇಲೂ ಎರಡು ದಿನ ಸುಮ್ಮನಿದ್ದೆ." ಗೇಟಿನ ಕಾವಲುಗಾರ, ಹಣ್ಣಿನ ಗಾಡಿಯವಳು, ಎಲ್ಲರೂ ಕೇಳಿಸಿಕೊಂಡರು. ಭಾವ ಮುಖ ತಿರುಗಿಸಿಕೊಂಡರು. ಮಾವ ಅಲ್ಲೇ ಫುಟ್‌ಪಾತಿನ ಮೇಲೆ ಕುಸಿದು ಕೂತು, ಜೋರಾಗಿ ಅತ್ತುಬಿಟ್ಟ. "ನಾನಲ್ಲವಂತೆ, ನಾನಲ್ಲವಂತೆ" ಅಂತ ಭಾವನ ಕೈ ಹಿಡಿದು ಅಲುಗಾಡಿಸ್ತಿದ್ದ. ಇಂಥವನ ಮೇಲೆ ಹಾಕಿದ್ದೆ ನಾನು. ಥೂ ನನ್ನ ಜನ್ಮಕ್ಕೆ.

ಮಾರ್ಚ್ 28, ಶುಕ್ರವಾರ

ನನ್ನನ್ನ ಅಕ್ಕನ ಮಹಡಿಗೇ ಬಿಡಲ್ಲ, ಕೆಳಗಿನಿಂದ ಫೋನು ಮಾಡಿದೆ. ನರ್ಸು ಅಕ್ಕನ ಕಿವಿಗೆ ಫೋನು ಹಿಡಿದಳು. ಆಮ್ಲಜನಕದ ಬುಸ್ ಬುಸ್ ಕೇಳಿಸ್ತಿತ್ತು.

"ಅಕ್ಕ, ಕಾಯಿಲೆ ತಂದಿದ್ದು ನಾನು. ಆ ಪರೀಕ್ಷೆ ಪೇಪರ್ ತಿದ್ದುವಾಗ." ಅಷ್ಟು ಹೇಳಿದ ಮೇಲೆ ಉಳಿದಿದ್ದೂ ಬಂದುಬಿಟ್ಟಿತು. "ಅಮ್ಮನ ದಿನವೂ ಎದ್ದು ಬರಬಹುದಿತ್ತು. ಹೆಡ್‌ಮಾಸ್ಟರ್ ಹೋಗಿ ಅಂದಿದ್ರು. ನನಗೆ ಅವಳನ್ನ ಆ ಸ್ಥಿತೀಲಿ ನೋಡೋ ಧೈರ್ಯ ಇರಲಿಲ್ಲ ಕಣೇ. ಪರೀಕ್ಷೆ ನೆಪ."



"ನೀನು ಬೆರಳು ನೆಕ್ಕೋದು ನೋಡ್ತಾನೇ ಇದ್ದೆ" ಅಂದಳು, ಒಂದೊಂದು ಪದಕ್ಕೂ ನಿಂತು. "ಹೇಳಿದ್ರೆ ಎದ್ದು ಹೋಗ್ತೀಯ ಅಂತ ಸುಮ್ಮನಿದ್ದೆ."

ಫೋನು ಇಟ್ಟ ಮೇಲೆ ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತೆ. ಜ್ವರ ಇದ್ದಾಗ ಕಣ್ಣಲ್ಲಿ ನೀರು ಬರೋದು ಸಹಜ.

ಮಾರ್ಚ್ 31, ಸೋಮವಾರ

ಹಾಗೇ ಇದ್ದಾಳೆ.

ಏಪ್ರಿಲ್ 2, ಬುಧವಾರ

ಹಾಗೇ.

ಏಪ್ರಿಲ್ 7, ಸೋಮವಾರ

ಆಮ್ಲಜನಕ ತೆಗೆದರು! ಜ್ವರ ಇಲ್ಲ, ಮೂರು ದಿನವಾಯ್ತು. ಬಿಳಿ ಕಣಗಳ ಲೆಕ್ಕ ಐದು ಸಾವಿರ. "ಔಷಧಿ ಕೆಲಸ ಮಾಡ್ತು. ಜೊತೆಗೆ ನಿಮ್ಮ ಕಣಗಳೂ. ನೀವು ವರ್ಷಗಟ್ಟಲೆ ಶಾಲೆ ಮಕ್ಕಳ ಮಧ್ಯೆ ಇದ್ದವರು, ಅವಕ್ಕೆ ಇಂಥ ವೈರಸ್‌ಗಳ ಹಳೇ ಪರಿಚಯ ಇದ್ದಿರಬಹುದು. ಖಾತ್ರಿಯಾಗಿ ಹೇಳೋಕಾಗಲ್ಲ" ಅಂದಳು ಡಾಕ್ಟರಮ್ಮ.

ಖಾತ್ರಿಯಾಗಿ ಯಾರಾದರೂ ಹೇಳಿದ್ದರೂ ಕುಣಿಯೋ ಹಾಗಿಲ್ಲ. ಕಳ್ಳನನ್ನ ಒಳಗೆ ಬಿಟ್ಟವಳೂ ನಾನೇ, ಹೊರಗೆ ಅಟ್ಟಿದವಳೂ ನಾನೇ. ಮಧ್ಯೆ ಏಟು ತಿಂದವಳು ಅವಳು.

ಭಾವ ಇನ್ನೂ ಸರಿಯಾಗಿ ಮಾತಾಡಲ್ಲ. ಮಾತಾಡಬೇಕು ಅಂತಲೂ ಇಲ್ಲ. ಸ್ಟೂಲು ಮಾತ್ರ ಕಿಟಕಿಗೆ ಹತ್ತಿರ ಹಾಕಿಟ್ಟಿದ್ದೀನಿ.

ಆಗಸ್ಟ್ 5, ಮಂಗಳವಾರ

ಮಜ್ಜೆ ಸುಟ್ಟಾಗ ಅಕ್ಕನ ಹಳೇ ಲಸಿಕೆಗಳ ನೆನಪೂ ಸುಟ್ಟುಹೋಗಿದೆಯಂತೆ. ಹುಟ್ಟಿದ ಮಗುವಿನ ಹಾಗೆ ಎಲ್ಲ ಮೊದಲಿಂದ ಹಾಕಿಸಬೇಕು. ಇವತ್ತು ಮೊದಲನೆಯದು. ಮಕ್ಕಳ ಲಸಿಕೆ ಕೋಣೆ, ಅವಳಿಗೆ ಅಂತ ಎಲ್ಲರಿಗಿಂತ ಮೊದಲು, ಖಾಲಿ ಇರುವಾಗ ಬರಹೇಳಿದ್ದರು. ಗೋಡೆ ತುಂಬ ಮೊಲ, ಆನೆ, ಬಲೂನು. ಐವತ್ತೆಂಟು ವರ್ಷದ ಹೆಂಗಸು ಒಂದೂವರೆ ಅಡಿ ಎತ್ತರದ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ಬರೋ ಹಾಗೆ ಕೂತಿದ್ದಳು. ಸೂಜಿ ಅಂದರೆ ಅವಳಿಗೆ ಮೊದಲಿಂದಲೂ ಪ್ರಾಣ ಹೋಗುತ್ತೆ. ಹೊಲಿಗೆಯವಳು, ಜನ್ಮವಿಡೀ ಸೂಜಿ ಹಿಡಿದವಳು!

ಇದೆಲ್ಲ ನಾನು ನೋಡಿದ್ದು ಬಾಗಿಲ ಗಾಜಿನಿಂದ. ಬೆಳಿಗ್ಗೆ ಎರಡು ಸೀನು ಬಂತು, ಎರಡೇ. ಏನೂ ಇರಲಿಕ್ಕಿಲ್ಲ. ಆದರೂ ನಾನು ಮನೆಯಿಂದಲೇ ಮಾವನಿಗೆ ಫೋನು ಮಾಡಿ, ನೀವು ಬನ್ನಿ, ಅವಳನ್ನ ಕರಕೊಂಡು ಹೋಗಿ ಅಂದಿದ್ದೆ. ನಾನು ಬೇರೆ ಆಟೋದಲ್ಲಿ ಹಿಂದೆ ಬಂದೆ. ಒಳಗೆ ಮಾವ ಅವಳ ಕೈ ಹಿಡಿದು ಕೂತಿದ್ದ. ಮುಖದಲ್ಲಿ ಏನು ಗತ್ತು! ಪುಡಿಯ ಡಬ್ಬಿ ಒಂದು ನೂರು ಮಾರಿದ್ದರೂ ಅಷ್ಟು ಗತ್ತು ಬರ್ತಿರಲಿಲ್ಲ. ಹೊಟ್ಟೆಗೆ ಕಿಚ್ಚಿಟ್ಟ ಹಾಗಾಯ್ತು.

ಅಕ್ಕ ತೋಳು ಉಜ್ಜಿಕೊಳ್ಳುತ್ತಾ ಈಚೆ ಬಂದಳು. ಕಣ್ಣು ಕೆಂಪಗಿತ್ತು. ನಾನು ಕಾರಿಡಾರಿನ ಆ ತುದಿಗೆ ಸರಿದೆ. ಅವಳು ಅಲ್ಲಿಂದಲೇ, ಇಡೀ ಆಸ್ಪತ್ರೆಗೆ ಕೇಳಿಸೋ ಹಾಗೆ ಕೂಗಿದಳು: "ಮಾವನ ಕೈ ಹಿಡ್ಕೊಂಡ್ರೆ ಏನೇ ಬರುತ್ತೆ ನನಗೆ? ಚುಚ್ಚುವಾಗ ನೀನಿರಬೇಕಿತ್ತು. ಮುಂದಿನ ತಿಂಗಳು ಹೀಗೆ ಸೀನಿಕೊಂಡು ಬಂದು ನೋಡು, ಮಾಡ್ತೀನಿ ನಿನಗೆ!"

ಎಂಥವರಿಗೂ ತಿರುಗಿಸಿ ಕೊಡುವವಳು ನಾನು. ಸುಮ್ಮನೆ ಬೈಸಿಕೊಂಡು ನಿಂತಿದ್ದೆ. ವಯಸ್ಸಾಯ್ತು ಅಂತ ಕಾಣುತ್ತೆ, ಇತ್ತೀಚೆಗೆ ಎದುರುತ್ತರ ಬೇಗ ಹೊಳೆಯೋದಿಲ್ಲ.